ಹತ್ತು ನಿಮಿಷದ ಚಳಿ

ಡಿಸೆಂಬರ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಸೈಕಲ್ ಮೂಲೆ ಸೇರುತ್ತದೆ. ಯಾಕೆ ಅಂದರೆ ಚಳಿ. ಬೆಂಗಳೂರಿನ ಚಳಿ ಅಷ್ಟೇನೂ ಕಡುವಾದದ್ದಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೀದರ್, ವಿಜಯಪುರದ ಕಡೆ ಮಾಗಿ ಚಳಿ ಇದಕ್ಕಿಂತ ಜೋರು. ಆ ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರೇ ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದುಕೊಡುತ್ತ ಬಂದವರು. ಅವರು ಕತ್ತಲಲ್ಲೇ ಎದ್ದು ರಸ್ತೆಗಿಳಿಯುತ್ತಾರೆ, ನಾವು ರಗ್ಗು ಎಳೆದುಕೊಳ್ಳುತ್ತೇವೆ.

ಇದನ್ನು ಬೇರೆಯವರಿಗೆ ಹೇಳುವ ಮುಂಚೆ ನನಗೇ ಹೇಳಿಕೊಳ್ಳಬೇಕು. ಎಷ್ಟೋ ಚಳಿಗಾಲ ಕಳೆದರೂ ಈ ಜಗಳ ನನಗೆ ಮುಗಿದಿಲ್ಲ. ಐದು ಗಂಟೆಗೆ ಅಲಾರಾಂ ಹೊಡೆಯುತ್ತದೆ. ಎದ್ದು ಬೀರುವಿನ ಮುಂದೆ ನಿಂತು ಸ್ವೆಟರ್ ಬೇಕೋ ಬೇಡವೋ, ಉದ್ದ ತೋಳೋ ಗಿಡ್ಡ ತೋಳೋ, ಗ್ಲೌಸ್ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ ಮನಸ್ಸು ಮೆಲ್ಲಗೆ ಶುರುಮಾಡುತ್ತದೆ: ಇವತ್ತು ಬೇಡ, ನಾಳೆ ನೋಡೋಣ. ಬಟ್ಟೆಯ ಗೊಂದಲಕ್ಕೂ ಸೋಮಾರಿತನಕ್ಕೂ ಅಷ್ಟು ಹತ್ತಿರದ ನಂಟು. ಬಟ್ಟೆ ತೀರ್ಮಾನವಾದ ದಿನ ಕಾಲು ತಾನಾಗಿ ಗೇಟು ದಾಟುತ್ತದೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉಣ್ಣುವುದು ನಿನಗೆ ರುಚಿಸಿದ್ದು, ಉಡುವುದು ನಾಲ್ಕು ಜನ ಒಪ್ಪುವಂಥದ್ದು. ಮದುವೆಗೆ, ಕಚೇರಿಗೆ, ಸಾವಿನ ಮನೆಗೆ ಹೋಗುವಾಗ ಈ ಮಾತು ನೂರಕ್ಕೆ ನೂರು ಸರಿ. ಸೈಕಲ್ ಹತ್ತಿದಾಗ ಮಾತ್ರ ಇದನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ನೋಡುವವರ ಕಣ್ಣಿಗಾಗಿ ಉಡುವುದರಲ್ಲಿ ಎರಡು ತೊಂದರೆ ನಾನು ದಿನಾ ಕಾಣುತ್ತೇನೆ. ಒಂದು, ಸಂಕೋಚ. ಮೈಗಂಟುವ ಸೈಕ್ಲಿಂಗ್ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಹೇಗೆ ಹೋಗಲಿ ಎಂದು ಎಷ್ಟು ಹೆಣ್ಣುಮಕ್ಕಳು ಸೈಕಲ್ಲನ್ನೇ ಬಿಟ್ಟಿದ್ದಾರೆ! ಬಿಡಬೇಡಿ. ಅದರ ಮೇಲೊಂದು ತೆಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ, ಚಳಿಗೂ ಆಯಿತು, ಮರ್ಯಾದೆಗೂ ಆಯಿತು. ಚೈನು ಇರುವ ಬಲಗಾಲಿನ ಕಡೆ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿದರೆ ಸಾಕು. ಹಿಂದೆ ಮೇಷ್ಟ್ರುಗಳು, ಗುಮಾಸ್ತರು ಅದಕ್ಕೆಂದೇ ಕ್ಲಿಪ್ ಹಾಕಿಕೊಳ್ಳುತ್ತಿದ್ದರು. ದುಪಟ್ಟಾ, ತುದಿ ಜೋಲುವ ಮಫ್ಲರ್ ಮಾತ್ರ ಬೇಡವೇ ಬೇಡ. ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಕುತ್ತು.

ಇನ್ನೊಂದು, ಅತಿಯಾದ ಕಾಳಜಿ. ಬಾಗಿಲಲ್ಲಿ ನಿಂತ ಅಮ್ಮ, ಅತ್ತೆ, ಹೆಂಡತಿ, ಗಂಡ ಯಾರೇ ಇರಲಿ, ‘ಅಯ್ಯೋ, ಇಷ್ಟೇ ಹಾಕ್ಕೊಂಡು ಹೋಗ್ತೀಯಾ? ಶೀತ ಆಗುತ್ತೆ’ ಎನ್ನುತ್ತಾರೆ. ಅವರ ಪ್ರೀತಿಗೆ ಕಟ್ಟುಬಿದ್ದು ಬನಿಯನ್ ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರ್, ಅದರ ಮೇಲೆ ಜರ್ಕಿನ್, ತಲೆಗೆ ಮಂಕಿ ಕ್ಯಾಪ್ ಏರುತ್ತವೆ. ಅವರು ನೋಡುತ್ತಿರುವುದು ಬಾಗಿಲಲ್ಲಿ ನಿಂತ ನಿಮ್ಮನ್ನು. ಹತ್ತು ನಿಮಿಷ ತುಳಿದ ಮೇಲೆ ನಿಮ್ಮ ಮೈ ಹೇಗಿರುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ.

ಆ ಹತ್ತು ನಿಮಿಷದಲ್ಲಿ ಆಗುವುದು ಇಷ್ಟು. ಪೆಡಲ್ ತುಳಿಯಲು ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಸೈಕಲ್ ಮೇಲಿನ ದೇಹ ಉರಿ ಹಚ್ಚಿದ ಒಲೆಯಿದ್ದಂತೆ. ಅದಕ್ಕೆ ಮೂರು ಪದರ ಹೊದಿಸಿದರೆ ಬೆವರು ಹರಿಯುತ್ತದೆ, ಒಳಗಿನ ಹತ್ತಿ ಬನಿಯನ್ ಅದನ್ನೆಲ್ಲ ಹೀರಿಕೊಂಡು ಬೆನ್ನಿಗೆ ಅಂಟುತ್ತದೆ. ಹತ್ತಿಬಟ್ಟೆ ಬಿಸಿಲಿಗೆ ದೇವರು. ಚಳಿಯಲ್ಲಿ ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ಸಿಗ್ನಲ್‌ನಲ್ಲಿ ನಿಂತರೆ ಸಾಕು, ನಡುಕ ಶುರು. ಶೀತ ಆಗಬಾರದೆಂದು ಹೇರಿಕೊಂಡ ಬಟ್ಟೆಯೇ ನಡುಗಿಸುತ್ತದೆ.

ಇದನ್ನು ನಾನು ಓದಿ ತಿಳಿದದ್ದು ಸ್ವಲ್ಪ, ನಂದಿಬೆಟ್ಟದ ಮೇಲೆ ಒಬ್ಬ ಹಿರಿಯರಿಂದ ಕಲಿತದ್ದು ಬಹಳ. ನಂದಿಯ ಎತ್ತರ 1,478 ಮೀಟರ್, ಬೆಂಗಳೂರಿನದು ಸುಮಾರು 920. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಬೆಟ್ಟದ ಮೇಲೆ ಊರಿಗಿಂತ ಮೂರೂವರೆ ಡಿಗ್ರಿಯಷ್ಟು ಚಳಿ ಹೆಚ್ಚು. ಜೊತೆಗೆ ಗಾಳಿ. ಆ ಹಿರಿಯರನ್ನು ಕಂಡ ದಿನ ಮೇಲೆ ಮಂಜು ದಟ್ಟವಾಗಿತ್ತು. ಹತ್ತಿ ಬಂದಿದ್ದ ಹುಡುಗರೆಲ್ಲ ಬೆಲೆಬಾಳುವ ಜೆರ್ಸಿಗಳಲ್ಲಿ ಒದ್ದೆಯಾಗಿ, ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಅವರು ತಮ್ಮ ಹಳೆಯ ಸೈಕಲ್ಲನ್ನು ಕಲ್ಲುಗೋಡೆಗೆ ಒರಗಿಸಿ, ಯಾರ ಕಡೆಗೂ ನೋಡದೆ, ಬೆನ್ನಿನ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಮಡಿಸಿಟ್ಟ ಒಂದು ಒಣ ಬನಿಯನ್ ಇತ್ತು. ಗೋಡೆಯ ಆಚೆ ಹೋಗಿ ಒದ್ದೆಯದನ್ನು ಬಿಚ್ಚಿ, ಟವೆಲ್‌ನಿಂದ ಎದೆ, ಬೆನ್ನು ಒರೆಸಿಕೊಂಡು ಅದನ್ನು ಹಾಕಿಕೊಂಡರು. ಆಮೇಲೆ ಒಂದು ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಎದೆಗೆ ಅಡ್ಡಲಾಗಿ ಇಟ್ಟು, ಮೇಲೆ ತೆಳ್ಳನೆಯ ವಿಂಡ್‌ಚೀಟರ್ ಹಾಕಿ ಜಿಪ್ಪನ್ನು ಗಂಟಲವರೆಗೆ ಎಳೆದರು. ನಾನು ನೋಡುತ್ತಲೇ ನಿಂತಿದ್ದೆ. ‘ಪೇಪರ್ ಯಾಕೆ ಸರ್?’ ಎಂದೆ.

‘ನೋಡಮ್ಮಾ, ಹತ್ತೋವಾಗ ಗಾಳಿ ಇರಲ್ಲ, ಮೈ ಬಿಸಿ. ಇಳಿಯೋವಾಗ ಕಾಲಿಗೆ ಕೆಲಸ ಇಲ್ಲ, ಬರೀ ಗಾಳಿ. ಹತ್ತೋಕೊಂದು ಬಟ್ಟೆ, ಇಳಿಯೋಕೊಂದು ಬಟ್ಟೆ. ಪೇಪರ್ ಗಾಳೀನ ತಡೆಯುತ್ತೆ, ಕೆಳಗೆ ಹೋದ್ಮೇಲೆ ಓದ್ಕೊಂಡು ಕಾಫಿ ಕುಡೀಬಹುದು’ ಎಂದರು. ಎಂದವರೇ ಹೊರಟುಹೋದರು.

ಆ ಉಪಾಯ ಅವರು ಕಂಡುಹಿಡಿದದ್ದೇನಲ್ಲ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಸವಾರರು ಬಹಳ ಹಿಂದಿನಿಂದಲೂ ಆಲ್ಪ್ಸ್ ಪರ್ವತದ ನೆತ್ತಿಯಲ್ಲಿ ಜನ ಚಾಚಿದ ಪತ್ರಿಕೆಯನ್ನು ಇಸಿದುಕೊಂಡು ಜೆರ್ಸಿಯೊಳಗೆ ತುರುಕಿಕೊಂಡು ಇಳಿಯುತ್ತಿದ್ದರು. ಏರುವಾಗ ಗಂಟೆಗೆ ಎಂಟು ಹತ್ತು ಕಿ.ಮೀ. ವೇಗದಲ್ಲಿ ಹೋಗುವ ನಮ್ಮಂಥವರ ಸೈಕಲ್ ಇಳಿಯುವಾಗ ನಲವತ್ತು ಮುಟ್ಟುತ್ತದೆ. ಗಾಳಿಯೇ ಇಲ್ಲದ ದಿನವೂ ಅಷ್ಟು ವೇಗದ ಗಾಳಿ ಎದೆಗೆ ಬಡಿಯುತ್ತದೆ. ಮೈಯ ಸುತ್ತ ನಿಂತ ಬೆಚ್ಚನೆಯ ಗಾಳಿಯ ಪದರ ಹಾರಿಹೋಗುತ್ತದೆ, ಬೆವರು ಆರುತ್ತ ಉಳಿದ ಶಾಖವನ್ನೂ ಒಯ್ಯುತ್ತದೆ. ಮೊದಲು ಮರಗಟ್ಟುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕ್ ಸರಿಯಾಗಿ ಹಿಡಿಯಲಾಗದು. ಹಾಗಾಗಿ ಇಳಿಜಾರಿನ ರಸ್ತೆಯಲ್ಲಿ ಗ್ಲೌಸ್ ಇಲ್ಲದೆ ಹೋಗುವುದನ್ನು ನಾನು ಧೈರ್ಯ ಎನ್ನುವುದಿಲ್ಲ, ತಿಳಿಗೇಡಿತನ ಎನ್ನುತ್ತೇನೆ.

ಹಾಗಾದರೆ ಏನು ಹಾಕಿಕೊಳ್ಳಬೇಕು? ಮನೆಯಿಂದ ಹೊರಬಿದ್ದಾಗ ಸ್ವಲ್ಪ ಚಳಿ ಅನ್ನಿಸಬೇಕು, ಅದೇ ಅಳತೆ. ಗೇಟಿನ ಬಳಿಯೇ ಬೆಚ್ಚಗಿದ್ದರೆ ಒಂದು ಬಟ್ಟೆ ಹೆಚ್ಚಾಯಿತು ಎಂದರ್ಥ, ಮರುಮಾತಿಲ್ಲದೆ ತೆಗೆದಿಡಿ. ಮೈಗೆ ತಾಕುವ ಪದರ ಬೆವರನ್ನು ಹೊರದೂಡುವ ಪಾಲಿಯೆಸ್ಟರ್ ಬನಿಯನ್ ಆಗಿರಲಿ, ಕ್ರೀಡಾ ಉಡುಪಿನ ಅಂಗಡಿಯಲ್ಲಿ ಎಲ್ಲ ಬೆಲೆಗೂ ಸಿಗುತ್ತದೆ. ಕೈಗೆಟುಕುವುದಾದರೆ ಮೆರಿನೊ ಉಣ್ಣೆ ಇನ್ನೂ ಒಳ್ಳೆಯದು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಮೈಗೆ ಥಂಡಿ ತಾಗಗೊಡದು. ಚಳ್ಳಕೆರೆಯ ಕರಿ ಕಂಬಳಿ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಕುರಿ ಕಾಯುವವರಿಗೆ ಈ ಗುಣ ಹೊಸದೇನಲ್ಲ. ಆ ಬನಿಯನ್ ಮೇಲೆ ಜೆರ್ಸಿ ಅಥವಾ ಉದ್ದ ತೋಳಿನ ಟೀಶರ್ಟ್. 15 ಡಿಗ್ರಿಗಿಂತ ಕೆಳಗಿದ್ದರೆ ಒಂದು ವಿಂಡ್‌ಚೀಟರ್, ಮಡಿಸಿದರೆ ಜೇಬಿಗೆ ಹಿಡಿಸುವಂಥದ್ದು. ತೋಳಿಗೆ ಎಳೆದುಕೊಳ್ಳುವ ಆರ್ಮ್ ವಾರ್ಮರ್ ಬಹಳ ಉಪಯೋಗ, ಬಿಸಿಲೇರಿದಾಗ ನಿಲ್ಲಿಸದೆಯೇ ಮಣಿಕಟ್ಟಿಗೆ ಸರಿಸಬಹುದು. ಮಂಡಿ ಮುಚ್ಚಿರಲಿ, ನಲವತ್ತು ದಾಟಿದವರು ಇದನ್ನು ಮರೆಯಲೇಬಾರದು. ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಸರಿಯಾಗಿ ಕೂರದು, ಕಿವಿ ಮುಚ್ಚುವ ತೆಳು ಪಟ್ಟಿ ಸಾಕು. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.40ರ ಹೊತ್ತಿಗೆ. ಅದಕ್ಕೂ ಮೊದಲು ಹೊರಡುವವರು ಸೈಕಲ್ಲಿಗೆ ಹಿಂದೆ ಮುಂದೆ ದೀಪ ಹಾಕಿ, ಕಣಕಾಲಿಗೆ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಹೊಳಪು ಲಾರಿಯವನ ಕಣ್ಣಿಗೆ ಬೇಗ ಬೀಳುತ್ತದೆ. ಕಣ್ಣು ಕುಕ್ಕುವ ಹಳದಿ ಬಣ್ಣ ಹಗಲಿಗಷ್ಟೇ ಸರಿ, ಕತ್ತಲಲ್ಲಿ ಅದೂ ಮಾಮೂಲಿ ಬಟ್ಟೆಯೇ.

ಎರಡು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಬೆವರು ಜಾಸ್ತಿ ಹರಿದರೆ ಮೈ ಇಳಿಯುತ್ತದೆ ಎಂದು ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು ತುಳಿಯುವವರಿದ್ದಾರೆ. ಇಳಿಯುವುದು ನೀರು, ಕೊಬ್ಬಲ್ಲ. ಎರಡು ಚೊಂಬು ನೀರು ಕುಡಿದರೆ ಆ ತೂಕ ವಾಪಸ್. ಅಷ್ಟು ಹೊತ್ತು ದೇಹವನ್ನು ಬೇಯಿಸಿದ್ದೇ ಬಂತು. ಹಾಗೆಯೇ, ಮೂವತ್ತು ಕಿಲೋಮೀಟರ್ ತುಳಿದು, ಹೋಟೆಲಿನ ಫ್ಯಾನಿನ ಕೆಳಗೆ ಒದ್ದೆ ಬಟ್ಟೆಯಲ್ಲೇ ಮುಕ್ಕಾಲು ಗಂಟೆ ಕೂತು ಮಸಾಲೆ ದೋಸೆ ತಿನ್ನುವುದು. ದೋಸೆ ತಿನ್ನಿ, ಯಾರು ಬೇಡವೆಂದರು? ಅದಕ್ಕೂ ಮೊದಲು ಬನಿಯನ್ ಬದಲಿಸಿ.

ಇಷ್ಟೆಲ್ಲ ಗೊತ್ತಿದ್ದರೂ ಬೆಳಗ್ಗೆ ಐದಕ್ಕೆ ಒಂದೂ ನೆನಪಾಗುವುದಿಲ್ಲ. ಅದಕ್ಕೇ ರಾತ್ರಿ ಊಟವಾದ ಮೇಲೆ ನಾಳಿನ ಉಷ್ಣಾಂಶ, ಗಾಳಿ ಎರಡನ್ನೂ ಮೊಬೈಲಿನಲ್ಲಿ ನೋಡಿ, ಕುರ್ಚಿಯ ಮೇಲೆ ಬನಿಯನ್‌ನಿಂದ ಸಾಕ್ಸಿನವರೆಗೆ ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸುತ್ತೇನೆ. ಗ್ಲೌಸ್ ಹೆಲ್ಮೆಟ್ಟಿನೊಳಗೆ ಇರುತ್ತದೆ. ಬದಲಿ ಬನಿಯನ್, ಟವೆಲ್ ಚೀಲದೊಳಗೆ. ಹಿಂದಿರುಗಿದ ಮೇಲೆ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಎಷ್ಟು ಡಿಗ್ರಿ, ಏನು ಹಾಕಿದ್ದೆ, ಎಲ್ಲಿ ಚಳಿಯಾಯಿತು ಎಂದು ಗೀಚುತ್ತೇನೆ. ಒಬ್ಬರ ಮೈ ಇನ್ನೊಬ್ಬರ ಮೈಯಂತಲ್ಲ. ನನಗೆ ಹಿತವಾದದ್ದು ನಿಮಗೆ ಸೆಕೆಯಾಗಬಹುದು. ನಿಮ್ಮ ಪಟ್ಟಿಯನ್ನು ನೀವೇ ಬರೆದುಕೊಳ್ಳಬೇಕು, ಅಂಗಡಿಯವನು ಬರೆದುಕೊಡಲಾರ. ಕುರ್ಚಿಯ ಮೇಲೆ ಬಟ್ಟೆ ಇಡದ ರಾತ್ರಿಯ ಮರುದಿನ ಇಂದಿಗೂ ನನ್ನ ಕೈ ಅಲಾರಾಂ ಕಡೆಗೇ ಹೋಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದಂತೆ. ಆಮೇಲೆ ಧೂಳು, ಬಿಸಿಲು. ನಮ್ಮ ಸೀಮೆಯಲ್ಲಿ ಸೈಕಲ್ ತುಳಿಯಲು ಈ ಚಳಿಗಾಲಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಇವತ್ತು ಮಲಗುವ ಮುಂಚೆ ಒಂದು ಜೊತೆ ಬಟ್ಟೆ ತೆಗೆದಿಡಿ, ಚಕ್ರಕ್ಕೆ ಗಾಳಿ ಇದೆಯೇ ನೋಡಿಕೊಳ್ಳಿ.