ಬೆಲೆಯೂ ನಾದವೂ

ವಸ್ತುವಿನ ಬೆಲೆಯನ್ನು ಕಂಡು ಅದರ ಗುಣವನ್ನು ಊಹಿಸುವುದು ಲೋಕದ ರೂಢಿ. ಅಂಗಡಿಯವನು ಎರಡು ಪಂಚೆಗಳನ್ನು ಮುಂದಿಟ್ಟರೆ, ನೇಯ್ಗೆಯನ್ನು ಬಲ್ಲವನು ನೂಲನ್ನು ಮುಟ್ಟಿ ನೋಡುವನು. ಅರಿಯದವನು ಬೆಲೆಯ ಚೀಟಿಯನ್ನು ನೋಡುವನು. ಈ ಎರಡನೆಯವನ ಊಹೆಯು ಎಷ್ಟರ ಮಟ್ಟಿಗೆ ಪ್ರಮಾಣ, ಎಲ್ಲಿಂದ ಮುಂದೆ ಭ್ರಾಂತಿ, ಆ ಭ್ರಾಂತಿಯಿಂದ ಹಣವಲ್ಲದೆ ಮತ್ತೇನಾದರೂ ನಷ್ಟವಾಗುವುದೇ ಎಂಬುದು ವಿಚಾರ ಮಾಡತಕ್ಕ ವಿಷಯ. ದೃಷ್ಟಾಂತಕ್ಕಾಗಿ ಪಾಶ್ಚಾತ್ಯರ ಒಂದು ವಾದ್ಯವನ್ನು ತೆಗೆದುಕೊಳ್ಳಬಹುದು. ಬೇಸ್ ಗಿಟಾರು ಎಂದು ಅದರ ಹೆಸರು. ಬೆಂಗಳೂರಿನ ವಾದ್ಯದಂಗಡಿಗಳಲ್ಲಿಯೂ ಇಂದು ಅದು ಗೋಡೆಗೆ ತೂಗುಬಿದ್ದಿರುವುದರಿಂದ, ಮಗನೋ ಮಗಳೋ ಅದನ್ನು ಬೇಡಿದಾಗ ಏನು ಹೇಳಬೇಕೆಂದು ತಿಳಿಯದ ಗೃಹಸ್ಥರು ಇಲ್ಲದಿಲ್ಲ.

ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಎಲ್ಲವೂ ಮಂದ್ರದಲ್ಲಿ ನುಡಿಯತಕ್ಕವು. ಅತಿ ಕೆಳಗಿನ ತಂತಿಯು ಒಂದು ಸೆಕೆಂಡಿಗೆ ಸುಮಾರು 41 ಸಾರಿ ಕಂಪಿಸುವುದು. ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ಎಳೆಯನ್ನು ಸುತ್ತಿದ ಪಿಕಪ್ ಎಂಬ ಸಾಧನವಿದ್ದು, ಅದು ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯಿಂದ ಜೀವನವನ್ನಾರಂಭಿಸಿದ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ಇದನ್ನು ಮಾರುಕಟ್ಟೆಗೆ ತಂದನು. ಅದಕ್ಕೆ ಮುಂಚೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದ ವಾದಕರಿಗೆ ಇದರಿಂದ ಬಹಳ ಉಪಕಾರವಾಯಿತು. ಗಾಯನದಲ್ಲಿ ಈ ವಾದ್ಯದ ಸ್ಥಾನವು ಹಿಂದುಗಡೆಯದು. ತಂಬೂರಿಯು ನಿಂತಾಗಲೇ ಅದು ನುಡಿಯುತ್ತಿತ್ತೆಂದು ಸಭಿಕರಿಗೆ ತಿಳಿಯುವಂತೆ, ಇದೂ ನಿಂತಾಗ ಮಾತ್ರ ಹಾಡು ಕುಸಿದುದು ತಿಳಿಯುತ್ತದೆ. ಕೇಳುವವರ ಕಣ್ಣಿಗೆ ಬೀಳದ ವಾದ್ಯವನ್ನು ಕಣ್ಣಿನಿಂದ ಆರಿಸುವುದು ವಿಚಿತ್ರವೇ ಸರಿ. ಆದರೆ ಬಹುಮಂದಿ ಹಾಗೆಯೇ ಆರಿಸುತ್ತಾರೆ.

ಬೆಲೆಯಲ್ಲಿ ಇದಕ್ಕೆ ಸ್ಥೂಲವಾಗಿ ಮೂರು ಅಂತಸ್ತುಗಳುಂಟು: ಅತಿ ಅಗ್ಗದ್ದು, ನಡುವಣದ್ದು, ದುಬಾರಿಯದು. ಇಲ್ಲಿ ತಾರ್ಕಿಕರ ಒಂದು ಹಳೆಯ ಉದಾಹರಣೆಯು ಸಹಾಯಕ್ಕೆ ಬರುವುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲವಷ್ಟೆ. ಹಸಿಯ ಸೌದೆ ಸೇರಿದಾಗ ಮಾತ್ರ ಹೊಗೆಯೇಳುವುದು. ಆ ಹಸಿ ಸೌದೆಗೆ ಉಪಾಧಿಯೆಂದು ಹೆಸರು. ಅಂತೆಯೇ ಬೆಲೆಯಿದ್ದಲ್ಲೆಲ್ಲ ಗುಣವಿರುವುದೆಂಬ ನಿಯಮವಿಲ್ಲ. ಆ ಬೆಲೆಯು ಒಳ್ಳೆಯ ಮರಕ್ಕೂ ಕುಶಲಿಯ ಕೈಗೆಲಸಕ್ಕೂ ವ್ಯಯವಾಗಿದ್ದರೆ ಗುಣವುಂಟಾಗುವುದು. ಹೆಸರಿಗೂ ಹೊಳಪಿಗೂ ವ್ಯಯವಾಗಿದ್ದರೆ ಕಾದ ಕಬ್ಬಿಣದಂತೆ ಬರಿಯ ಬೆಲೆ ಮಾತ್ರ ಉಳಿಯುವುದು. ಈ ಉಪಮಾನದಲ್ಲಿ ಗುಣವು ಹೊಗೆಯಾಯಿತೆಂದು ವಾಚಕರು ನಗಬೇಕಾಗಿಲ್ಲ. ಶಾಸ್ತ್ರದ ಹೊಗೆಯಿಂದ ಯಾರ ಕಣ್ಣೂ ಉರಿಯುವುದಿಲ್ಲ.

ಅತಿ ಅಗ್ಗದ ವಾದ್ಯಕ್ಕೂ ನಡುವಣ ಬೆಲೆಯದಕ್ಕೂ ಇರುವ ಅಂತರದಲ್ಲಿ ಈ ಉಪಾಧಿಯು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೊಟ್ಟ ಹೆಚ್ಚಿನ ಹಣಕ್ಕೆ ನೆಟ್ಟಗಿರುವ ದಂಡಿ, ಅಂಚು ಉಜ್ಜಿ ನಯಮಾಡಿದ ಮೆಟ್ಟಿಲುಗಳು, ಸಡಿಲದೆ ನಿಲ್ಲುವ ಬಿರಡೆಗಳು, ಗೊರಗುಟ್ಟದ ಪಿಕಪ್ಪು ದೊರೆಯುವುವು. ಇವಿಲ್ಲದ ವಾದ್ಯವು ಕಲಿಯುವವನಿಗೆ ಮಾಡುವ ಅಪಕಾರವನ್ನು ಮನೆಯ ಹಿರಿಯರು ಬಹುಮಟ್ಟಿಗೆ ಅರಿಯರು. ತಂತಿಯು ಮೆಟ್ಟಿಲಿನಿಂದ ಬಹಳ ಎತ್ತರದಲ್ಲಿದ್ದರೆ ಬೆರಳು ನೋಯುವುದು. ಕುದುರೆಯು ಸ್ಥಾನ ತಪ್ಪಿದ್ದರೆ ಬಿಟ್ಟ ತಂತಿಯು ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಮೆಟ್ಟಿಲಿನ ಸ್ವರವು ಅಪಸ್ವರವಾಗುವುದು. ನುರಿತವನಾದರೆ ವಾದ್ಯವನ್ನು ಬಯ್ಯುವನು. ಎಳೆಯನು ಹಾಗಲ್ಲ; ತನಗೆ ಕಿವಿಯಿಲ್ಲ, ತನ್ನ ಬೆರಳು ಮೊಂಡು ಎಂದು ತನ್ನನ್ನೇ ಹಳಿದುಕೊಂಡು, ನಾಲ್ಕು ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಸೇರಿಸುವನು. ಮಗನು ಬೇಡಿದ ವಾದ್ಯಕ್ಕೆ ಹಣವಿಲ್ಲವೆಂದು ನೇರವಾಗಿ ಹೇಳುವ ತಂದೆಯು ಅನ್ಯಾಯ ಮಾಡಿದವನಲ್ಲ. ಆ ಸಂಗೀತದಲ್ಲಿ ತನಗೆ ಆದರವಿಲ್ಲದುದರಿಂದ ಇದ್ದುದರಲ್ಲೆಲ್ಲ ಕೀಳಾದುದನ್ನು ತಂದುಕೊಟ್ಟು, ಅನಂತರ “ನೋಡು, ನಿನಗೆ ಬರಲಿಲ್ಲ” ಎನ್ನುವವನು ಅನ್ಯಾಯ ಮಾಡಿದವನು. ಅವನು ಉಳಿಸಿದ ಹಣವು ಮಗನ ಆತ್ಮವಿಶ್ವಾಸದ ಲೆಕ್ಕದಲ್ಲಿ ಖರ್ಚಾಯಿತು.

ನಡುವಣದನ್ನು ದಾಟಿ ಮೇಲೆ ಹೋದಂತೆ ಈ ಅನುಮಾನವು ಅಲುಗಾಡತೊಡಗುತ್ತದೆ. ಫೆಂಡರ್ ಎಂಬ ಹೆಸರಿನ ವಾದ್ಯಗಳೇ ಇದಕ್ಕೆ ನಿದರ್ಶನ. ಇವು ಕ್ಯಾಲಿಫೋರ್ನಿಯಾದ ಕರೋನಾ ಎಂಬಲ್ಲಿಯೂ, ಗಡಿಯಾಚೆ ಮೆಕ್ಸಿಕೋ ದೇಶದ ಎನ್ಸೆನಾಡಾ ಎಂಬಲ್ಲಿಯೂ ಸಿದ್ಧವಾಗುತ್ತವೆ. ಆಕಾರ ಒಂದೇ, ತಂತಿಯ ಉದ್ದವೂ ಒಂದೇ, 34 ಅಂಗುಲ. ಆದರೂ ಮೊದಲನೆಯದರ ಬೆಲೆಯು ಎರಡನೆಯದರ ಸುಮಾರು ಎರಡರಷ್ಟು. ವ್ಯತ್ಯಾಸವೇ ಇಲ್ಲವೆನ್ನುವುದು ಸರಿಯಲ್ಲ, ನಯಗಾರಿಕೆಯಲ್ಲಿ ಇದೆ. ನಾದವು ಇಮ್ಮಡಿಯಾಯಿತೆಂದು ಹೇಳುವವನು ಮಾತ್ರ ಕಿವಿಯಿಂದ ಹೇಳುತ್ತಿಲ್ಲ.

ಹಾಗಾದರೆ ಹೆಸರು ಆಪ್ತವಾಕ್ಯವಾಗಲಾರದೇ? ಪರೀಕ್ಷಿಸಲು ಶಕ್ತಿಯಿಲ್ಲದವನು ನಂಬಿಕೆಗೆ ಅರ್ಹರಾದವರ ಮಾತನ್ನು ಹಿಡಿಯುವುದು ಯುಕ್ತವೇ. ಆದರೆ ಹೆಸರು ಮಾರಾಟಕ್ಕೆ ಒಳಪಡುವ ವಸ್ತು. ಲಿಯೋ ಫೆಂಡರನು 1965ರಲ್ಲಿ ತನ್ನ ಸಂಸ್ಥೆಯನ್ನು ಸಿಬಿಎಸ್ ಎಂಬ ದೊಡ್ಡ ಕಂಪನಿಗೆ 1 ಕೋಟಿ 30 ಲಕ್ಷ ಡಾಲರುಗಳಿಗೆ ಮಾರಿದನು. ಅನಂತರ ಫಲಕದ ಮೇಲೆ ಹೆಸರು ಹಾಗೆಯೇ ಉಳಿಯಿತು. ಕೆಲಸವು ಹಾಗೆಯೇ ಉಳಿಯಲಿಲ್ಲವೆಂದು ವಾದಕರಲ್ಲಿ ಬಹುಮಂದಿಯ ಅಭಿಪ್ರಾಯ. ಇದಕ್ಕೆ ವಿಪರೀತವಾದುದೂ ನಡೆದಿದೆ. 1982ರಲ್ಲಿ ಜಪಾನಿನಲ್ಲಿ ಕಡಿಮೆ ಬೆಲೆಗೆ ಮಾಡಿಸಿದ ವಾದ್ಯಗಳಿಗೆ ಅದೇ ಸಂಸ್ಥೆಯು ಸ್ಕ್ವಾಯರ್ ಎಂಬ ಬೇರೆ ಹೆಸರನ್ನಿಟ್ಟಿತು. ಕೆಳಗಿನ ಅಂತಸ್ತೆಂದು ತೋರಿಸುವುದಕ್ಕಾಗಿ ಇಟ್ಟ ಹೆಸರು ಅದು. ಆದರೆ ಆ ಮೊದಲ ವರ್ಷಗಳ ಜಪಾನಿನ ಕೆಲಸವು ಅಷ್ಟು ಚೆನ್ನಾಗಿದ್ದುದರಿಂದ ಇಂದು ಅವನ್ನು ಹುಡುಕಿ ಕೊಳ್ಳುವವರಿದ್ದಾರೆ.

ಉಳಿದದ್ದು ಪ್ರತ್ಯಕ್ಷ. ಅಂಗಡಿಯಲ್ಲಿ ಬೆಲೆಯ ಚೀಟಿಯನ್ನು ತಿರುಗಿಸಿಟ್ಟು, ಕಣ್ಣು ಮುಚ್ಚಿ, ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿಯೂ ಮೀಟಿ ಕೇಳಬೇಕು. ಎಲ್ಲಿ ಜುಮ್ಮೆನ್ನುತ್ತದೆ, ಎಲ್ಲಿ ನಾದವು ಬೇಗ ಸಾಯುತ್ತದೆ ಎಂಬುದು ತಿಳಿಯುವುದು. ಹೆಗಲಿಗೆ ಹಾಕಿಕೊಂಡು ಕಾಲು ಗಂಟೆಯಾದರೂ ನಿಂತು ನೋಡಬೇಕು. ನಾಲ್ಕು ಕಿಲೋ ಭಾರವು ಮೊದಲ ಐದು ನಿಮಿಷದಲ್ಲಿ ತಿಳಿಯುವಂಥದಲ್ಲ. ಕಲಿಯುವವನಿಗೆ ಇನ್ನೂ ಕಿವಿ ಬಲಿತಿಲ್ಲವಾದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದರಲ್ಲಿ ನಾಚಿಕೆಯಿಲ್ಲ. ಮೇಲಿನ ಅಂತಸ್ತಿಗೆ ಕೊಡಬೇಕಾಗಿದ್ದ ಹಣದಲ್ಲಿ ಅಲ್ಪಭಾಗವನ್ನು ಒಳ್ಳೆಯ ಕುಶಲಿಗೆ ಕೊಟ್ಟು ದಂಡಿ, ಕುದುರೆಗಳನ್ನು ಹದಗೊಳಿಸಿದರೆ ನಡುವಣ ವಾದ್ಯವು ಎಷ್ಟೋ ಮೇಲಕ್ಕೇರುವುದು.

ಚೀಟಿಯಲ್ಲಿ ಕಾಣದ ಬಾಬತ್ತು ಒಂದುಂಟು. ಈ ವಾದ್ಯದಲ್ಲಿ ಬೆರಳು ಮುಟ್ಟುವ ಹಲಗೆಗೆ ಬಹುಕಾಲದಿಂದ ದಕ್ಷಿಣ ಹಿಂದೂಸ್ಥಾನದ ಬೀಟೆಯ ಮರವು ಬಳಕೆಯಲ್ಲಿದೆ. ನಮ್ಮ ಮಲೆನಾಡಿನವರು ಅದನ್ನು ಬಲ್ಲರು, ಅದು ಎಷ್ಟು ನಿಧಾನವಾಗಿ ಬೆಳೆಯುವುದೆಂಬುದನ್ನೂ ಬಲ್ಲರು. 2017ರಿಂದ ಬೀಟೆಯ ಜಾತಿಯ ಮರಗಳ ವಿದೇಶ ವ್ಯಾಪಾರವು ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಟ್ಟಿತು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ವರ್ಷಕ್ಕೊಂದು ವಾದ್ಯವನ್ನು ಕೊಂಡು ಹಳೆಯದನ್ನು ಮೂಲೆಗೆ ಹಾಕುವ ಶ್ರೀಮಂತನಿಗೂ, ಒಂದನ್ನೇ ಮೂವತ್ತು ವರ್ಷ ನುಡಿಸುವವನಿಗೂ ಆ ಮರದ ಮುಂದೆ ಭೇದವಿದೆ.

ಸಾಲದ ವಿಚಾರವು ಇನ್ನೂ ಸೂಕ್ಷ್ಮ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಿಂದ ಬಂದ ಬಡ ತರುಣರ ಒಂದು ಮೇಳವು ರಾತ್ರಿಯೆಲ್ಲ ಹಾಡಿ ಹೊಟ್ಟೆ ಹೊರೆಯುತ್ತಿತ್ತು. ಬೇಸ್ ನುಡಿಸುತ್ತಿದ್ದ ಗೆಳೆಯನು ಚಿತ್ರಕಲೆಗಾಗಿ ಮೇಳವನ್ನು ಬಿಟ್ಟಾಗ ಆ ಕೆಲಸವು ಪಾಲ್ ಮಕಾರ್ಟ್ನಿಗೆ ಬಿತ್ತು. ಫೆಂಡರಿನ ಬೆಲೆ ಆಗ ಸುಮಾರು 100 ಪೌಂಡು. ಅವನ ಜೊತೆಯವರು ಕಂತಿನ ಸಾಲದಲ್ಲಿ ಒಳ್ಳೆಯ ಗಿಟಾರುಗಳನ್ನು ಕೊಂಡಿದ್ದರು. ಸಾಲಕ್ಕೆ ಬೀಳಬೇಡವೆಂದು ಅವನ ತಂದೆಯು ಚಿಕ್ಕಂದಿನಿಂದ ಬೋಧಿಸಿದ್ದುದರಿಂದ ಅವನಿಗೆ ಧೈರ್ಯವಾಗಲಿಲ್ಲ. ಸುಮಾರು 30 ಪೌಂಡು ಕೊಟ್ಟು ಹಾಫ್ನರ್ ಎಂಬ ಜರ್ಮನ್ ಸಂಸ್ಥೆಯ, ಪಿಟೀಲಿನ ಆಕಾರದ ಬೇಸನ್ನು ಕೊಂಡನು. ಅವನು ಎಡಗೈಯವನು, ಎರಡು ಪಕ್ಕವೂ ಸಮನಾಗಿದ್ದ ಆ ಆಕಾರವು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದೆಂಬುದೂ ಒಂದು ಕಾರಣ. ಕೊಂಡ ಮೇಲೆ ಅದರಲ್ಲಿ ಪ್ರೀತಿ ಹುಟ್ಟಿತೆಂದು ಅವನೇ ಹೇಳಿಕೊಂಡಿದ್ದಾನೆ. ಬೀಟಲ್ಸ್ ಎಂಬ ಆ ಮೇಳವು ಮುಂದೆ ಏನಾಯಿತೆಂಬುದು ಲೋಕಕ್ಕೆ ತಿಳಿದಿದೆ.

ಇದರಿಂದ ಅಗ್ಗದ ವಾದ್ಯವೇ ಕೀರ್ತಿಗೆ ಕಾರಣವೆಂದು ಯಾರೂ ವಾದಿಸಬಾರದು. ಅದು ಹಿಂದೆ ಹೇಳಿದ ಹೇತ್ವಾಭಾಸವನ್ನೇ ತಲೆಕೆಳಗು ಮಾಡಿದಂತೆ. ಸಾಲ ಮಾಡಿದ ಅವನ ಜೊತೆಯವರೂ ಕೆಡಲಿಲ್ಲವೆಂಬುದನ್ನು ಮರೆಯಲಾಗದು; ಸಾಲದ ತುಪ್ಪವನ್ನು ಹೊಗಳಿದ ಚಾರ್ವಾಕರಿಗೆ ಇಲ್ಲಿ ಅರ್ಧ ಗೆಲುವು ಕೊಡಬೇಕಾದೀತು. ನೋಡಬೇಕಾದ್ದು ಬೇರೆ. ದುಡಿದು ತೀರಿಸಬಹುದಾದ ಸಾಲವನ್ನು ನಾದಕ್ಕಾಗಿ ಮಾಡಿದವನ ಮಾತು ಬೇರೆ. ಗೆಳೆಯರ ಕಣ್ಣಿಗಾಗಿ ಮಾಡಿದವನು ವಾದ್ಯದ ಮುಂದೆ ಕುಳಿತಾಗಲೆಲ್ಲ ಕಂತನ್ನು ಎಣಿಸುವನು, ತಾಳವನ್ನಲ್ಲ.

ದುಬಾರಿಯದನ್ನು ಬಯಸುವುದೆಲ್ಲ ಪ್ರೇಯಸ್ಸು, ಅದನ್ನು ಬಿಡುವುದೆಲ್ಲ ಶ್ರೇಯಸ್ಸು ಎಂದೂ ಹೇಳಲಾಗದು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎಂಬಾತನ ಕೈಯಲ್ಲಿದ್ದುದು 1962ರ ಒಂದು ಫೆಂಡರ್. ಅಂಗಡಿಯಲ್ಲಿ ಯಾರಿಗಾದರೂ ದೊರೆಯುತ್ತಿದ್ದಂಥದೇ. ಅವನು ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದ. ತಂತಿ ಕಡಿಯುವವರೆಗೂ ಅವನು ಅದನ್ನು ಬದಲಾಯಿಸುತ್ತಿರಲಿಲ್ಲ. ಹೊಸ ತಂತಿಗೆ ಹಣವಿಲ್ಲದೆ ಅಲ್ಲ, ಹಳೆಯ ತಂತಿಯ ಮಂಕು ನಾದವೇ ಅವನಿಗೆ ಬೇಕಾಗಿತ್ತು. ಅವನು ನುಡಿಸಿದ ಹಾಡುಗಳನ್ನು ಲಕ್ಷಾಂತರ ಜನ ಕೇಳಿದರು. ಮುದ್ರಿಕೆಯ ಹೊದಿಕೆಯ ಮೇಲೆ ಅವನ ಹೆಸರು ಅಚ್ಚಾದುದು 1971ರಲ್ಲಿ. 1983ರಲ್ಲಿ ಅವನು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಆ ವಾದ್ಯವು ಕಳವಾಯಿತು. ಮತ್ತೆ ದೊರೆಯಲೇ ಇಲ್ಲ.

ಮಕಾರ್ಟ್ನಿಯ ಮೂವತ್ತು ಪೌಂಡಿನ ಬೇಸೂ 1972ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದು ವ್ಯಾನಿನಿಂದ ಕಳವಾಗಿತ್ತು.  ಅಷ್ಟು ಹೊತ್ತಿಗೆ ಲೋಕದ ಯಾವ ವಾದ್ಯವನ್ನಾದರೂ ಕೊಳ್ಳಬಲ್ಲವನಾಗಿದ್ದನು. ದಕ್ಷಿಣ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಅದು ದೊರೆತು ಅವನ ಕೈ ಸೇರಿದ ಸುದ್ದಿಯು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಹಳೆಯ ಪೆಟ್ಟಿಗೆಯೂ ಜೊತೆಗಿತ್ತು. ನುಡಿಸುವುದಕ್ಕೆ ಮುಂಚೆ ಅದಕ್ಕೆ ಕೊಂಚ ರಿಪೇರಿ ಬೇಕಾಗಿತ್ತು.