ನಿರ್ಮಾಲ್ಯವನ್ನು ಹೊಳೆಗೇ ಬಿಡಬೇಕೇ?

ಪ್ರಶ್ನೆ: ನಿತ್ಯಪೂಜೆಯ ನಿರ್ಮಾಲ್ಯವನ್ನು ತೊಟ್ಟೆಯಲ್ಲಿ ಕಟ್ಟಿಟ್ಟು, ವಾರಕ್ಕೊಮ್ಮೆ ಸೇತುವೆಯಿಂದ ಹೊಳೆಗೆ ಹಾಕುವುದು ನಮ್ಮ ಮನೆಯ ರೂಢಿ. ಈ ಮಳೆಗಾಲದಿಂದ ನಾನು ಅದನ್ನು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹಾಕತೊಡಗಿದೆ. ಅದೇ ತಿಂಗಳು ಮಾವನವರು ಹಾಸಿಗೆ ಹಿಡಿದರು. "ದೇವ್ರ್ ಹೂಗ್ ಮಣ್ಣಂಗೆ ಹುಗಿಯೂಕಾಗ, ಹೊಳಿಗೇ ಬಿಡ್ಕ್. ಅದ್ರ ದೋಷವೇ ಇದ್" ಎನ್ನುತ್ತಾರೆ ಅತ್ತೆ. ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ನಾನು ಮಾಡಿದ್ದು ತಪ್ಪೇ? ದೇವರ ಕೋಣೆಯ ಕರೆಂಟ್ ದೀಪವನ್ನು ರಾತ್ರಿ ಆರಿಸಬಹುದೇ?
– ಓರ್ವ ಗೃಹಿಣಿ, ಹೆಮ್ಮಾಡಿ

ಉತ್ತರ: ತಾಯೀ, ಮೊದಲು ಭಯ ಬಿಡಿ. ದೇವರಿಗೆ ಏರಿಸಿ ತೆಗೆದ ಹೂ, ತುಳಸಿ, ಪತ್ರೆಯೇ ನಿರ್ಮಾಲ್ಯ. ಅದು ಯಾರ ಕಾಲಿಗೂ ಸಿಗಬಾರದು, ಎಂಜಲು-ಹೊಲಸಿನ ಜೊತೆ ಸೇರಬಾರದು. ಹಿರಿಯರು ನೋಡಿಕೊಂಡು ಬಂದದ್ದು ಇಷ್ಟನ್ನೇ. ಹರಿಯುವ ನೀರು ಅದಕ್ಕೊಂದು ದಾರಿ, ಮರದ ಬುಡ ಇನ್ನೊಂದು. ಎರಡೂ ರೂಢಿಯಲ್ಲಿ ಇದ್ದದ್ದೇ. ಮಾವನವರ ಕಾಯಿಲೆಗೂ ಆ ಗುಂಡಿಗೂ ಸಂಬಂಧವಿಲ್ಲ. ವೈದ್ಯರು ಕೊಟ್ಟ ಮದ್ದು ತಪ್ಪಿಸಬೇಡಿ, ದೇವರಲ್ಲಿ ಪ್ರಾರ್ಥನೆಯನ್ನೂ ಬಿಡಬೇಡಿ.

ಹಾಗಾದರೆ ಅತ್ತೆಯವರು ಹೇಳುವುದು ಸುಳ್ಳೇ? ಅಲ್ಲ. ಅವರು ಕಂಡ ಕಾಲದಲ್ಲಿ ಹೊಳೆಗೆ ಬಿಡುತ್ತಿದ್ದದ್ದು ಬರೀ ಹೂವು. ಮಲ್ಲಿಗೆ ಕಟ್ಟಿದ ದಾರವೂ ಬಾಳೆನಾರಿನದ್ದು, ಸುತ್ತಿದ್ದು ಬಾಳೆಲೆ. ಈಗ ಹೂವಿನ ಜೊತೆ ತೊಟ್ಟೆ, ನೈಲಾನ್ ದಾರ, ಊದುಬತ್ತಿಯ ಕವರು, ಕರ್ಪೂರದ ಪೊಟ್ಟಣ ಎಲ್ಲವೂ ಹೋಗುತ್ತವೆ. ರೂಢಿಯ ಹೆಸರು ಹಳೆಯದು, ಒಳಗಿನ ಸರಕು ಹೊಸದು.

ಮನುಸ್ಮೃತಿಯ 4ನೇ ಅಧ್ಯಾಯವು ಅಶುದ್ಧವಾದದ್ದನ್ನು ನೀರಿಗೂ ಹಾಕಬಾರದು, ಬೆಂಕಿಗೂ ಹಾಕಬಾರದು ಎನ್ನುತ್ತದೆ. ನೀರಿಗೆ ಉಗುಳುವುದೂ ಅಲ್ಲಿ ನಿಷಿದ್ಧ. ಉಗುಳೇ ಬೇಡವೆಂದ ಮೇಲೆ ತೊಟ್ಟೆ ಹೇಗಾದೀತು? ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಇವೈದೂ ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಕೊಲ್ಲೂರಿನಲ್ಲಿ ತೀರ್ಥವೆಂದು ಮೀಯುವುದು ಸೌಪರ್ಣಿಕೆಯಲ್ಲೇ, ಕೆಳಗೆ ಬಂದು ತೊಟ್ಟೆ ಎಸೆಯುವುದೂ ಅದಕ್ಕೇ. ಬ್ರಹ್ಮಾವರದ ಕಡೆ ಸೀತಾನದಿಯ ಪಾಡೂ ಬೇರೆಯಲ್ಲ. ಎಸೆದದ್ದು ಕಡೆಗೆ ಬೀಳುವುದು ಮೀನುಗಾರರ ಬಲೆಗೆ.

ಗೀತೆಯ 9ನೇ ಅಧ್ಯಾಯದಲ್ಲಿ ಭಗವಂತ ಕೇಳಿದ್ದು ಎಲೆ, ಹೂ, ಹಣ್ಣು, ನೀರು. ನಾಲ್ಕೂ ಮಣ್ಣಿಗೆ ಸೇರಿ ಮಣ್ಣಾಗುವಂಥವು. ಪೂಜೆಗೆ ಏನು ತರಬೇಕೆಂಬ ಸಂಶಯ ಬಂದಾಗ ಈ ನಾಲ್ಕನ್ನು ನೆನೆದರೆ ಸಾಕು.

ಇನ್ನು ಮಾಡುವ ಕ್ರಮ. ಯಾರೂ ತುಳಿಯದ ಮೂಲೆಯಲ್ಲಿ, ಬಾವಿಯಿಂದ ದೂರ, ಗುಂಡಿ ಮಾಡಿ. ಹೂವಿನ ದಾರ ಬಿಡಿಸಿ ಹಾಕಿ, ಮೇಲೊಂದು ಹಿಡಿ ಮಣ್ಣು, ತರಗೆಲೆ ಹರಡಿ. ಅಡುಗೆಮನೆಯ ಸಿಪ್ಪೆ, ಉಳಿಕೆಗೆ ಬೇರೆ ಗುಂಡಿ ಇರಲಿ, ನಿರ್ಮಾಲ್ಯಕ್ಕೆ ಎಂಜಲು ಬೆರೆಸುವುದು ಬೇಡ. ಕವರುಗಳನ್ನು ಬಚ್ಚಲೊಲೆಗೆ ತುರುಕಬೇಡಿ, ಅಗ್ನಿಗೂ ಅದೇ ನಿಯಮ. ತೊಳೆದು ಒಣಗಿಸಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ನಿಮ್ಮ ಹತ್ತಿರದ ವಂಡ್ಸೆಯಲ್ಲಿ ಪಂಚಾಯಿತಿಯೇ ಹಸಿಕಸ, ಒಣಕಸ ಬೇರ್ಪಡಿಸುವ ಕೆಲಸ ನಡೆಸಿ ತೋರಿಸಿದೆ. ಹೂ ತರಲು ಹೋಗುವಾಗ ಬಟ್ಟೆಯ ಚೀಲವೋ ಬುಟ್ಟಿಯೋ ಕೈಯಲ್ಲಿರಲಿ.

ದೀಪದ ಮಾತು. ನಂದಾದೀಪದ ನಿಯಮ ಎಣ್ಣೆ, ತುಪ್ಪದ ದೀಪಕ್ಕೆ, ಅದೂ ಸಂಕಲ್ಪ ಮಾಡಿ ಹಚ್ಚಿದ್ದಕ್ಕೆ. ಕರೆಂಟಿನ ಬಲ್ಬು ಬೆಳಕಿಗಾಗಿ ಮಾತ್ರ, ಆರಿಸಿದರೆ ದೋಷವಿಲ್ಲ. ಹಳೆಯ 'ಝೀರೋ ಬಲ್ಬು' ಹೆಸರಿಗಷ್ಟೇ ಝೀರೋ. ಅದು ಎಳೆಯುವುದು ಸುಮಾರು 15 ವಾಟ್. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಹೆಚ್ಚುಕಡಿಮೆ 11 ಯೂನಿಟ್. ಸಂಜೆ ಒಂದು ಎಣ್ಣೆದೀಪ ಹಚ್ಚಿ, ಮನೆಮಂದಿ ಅದರೆದುರು ಕೂತು ಭಜನೆ ಮಾಡಿ. ಅಷ್ಟು ಹೊತ್ತು ಉಳಿದ ಕೋಣೆಗಳ ಲೈಟು, ಫ್ಯಾನೂ ಆರಿರಲಿ.

ಕೊನೆಯದೊಂದು ಮಾತು. ಅತ್ತೆಯವರೊಡನೆ ವಾದ ಮಾಡಿ ಗೆಲ್ಲಲು ಹೋಗಬೇಡಿ. ಮಾವನವರು ಮಲಗಿರುವಾಗ ಅವರ ಜೀವ ಹೆದರಿದೆ, ಅದಕ್ಕೇ ಆ ಮಾತು. ಗುಂಡಿಯ ಬದಿಯಲ್ಲಿ ನಿಮ್ಮೂರಿನ ಸೇವಂತಿಗೆಯ ನಾಲ್ಕು ಗಿಡ ಅವರ ಕೈಯಿಂದಲೇ ನೆಡಿಸಿ, ನಿರ್ಮಾಲ್ಯದ ಗೊಬ್ಬರವನ್ನೇ ಅದಕ್ಕೆ ಹಾಕಿ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೆ ಹೆಮ್ಮಾಡಿ ಸೇವಂತಿಗೆ ಸಲ್ಲುವುದು ಅವರಿಗೆ ಗೊತ್ತಿದ್ದದ್ದೇ. ದೇವರ ಹೂವು ಮಣ್ಣಾಗಿ, ಮತ್ತೆ ಹೂವಾಗಿ ದೇವರಿಗೇ ಸಲ್ಲುವುದನ್ನು ಅವರೇ ಕಣ್ಣಾರೆ ನೋಡಲಿ.