ಹಣಿಗೆಯ ಕಾಯಕ

ದೇವರ ಕೋಣೆಯಿದ್ದು, ಹಿರಿಯರು ದಿನವೂ ಕೊರಳ ಇಷ್ಟಲಿಂಗವನ್ನು ಅಂಗೈಗೆ ತಂದು ಪೂಜಿಸುವ ಮನೆಯಲ್ಲಿ ನಾಯಿಯು ಹೊಸ್ತಿಲನ್ನು ದಾಟಿ ಒಳಗೆ ವಾಸಿಸುವುದು ಧರ್ಮಕ್ಕೆ ಒಪ್ಪುವುದೆ ಎಂಬ ಪ್ರಶ್ನೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಈಗ ಕೇಳಿಬರುತ್ತಿದೆ. ಹಿಂದೆ ಅದು ಏಳುತ್ತಿರಲಿಲ್ಲ. ಹೊಲದ ನಾಯಿ ಕಣದಲ್ಲಿ, ಕುರುಬರ ನಾಯಿ ಹಟ್ಟಿಯಲ್ಲಿ, ಓಣಿಯ ನಾಯಿ ಕಟ್ಟೆಯ ಬದಿಯಲ್ಲಿ ಇದ್ದು, ಉಳಿದ ರೊಟ್ಟಿಯನ್ನು ಹೊರಗೇ ತಿಂದು ತನ್ನ ಕಾವಲನ್ನು ತಾನು ನಡೆಯಿಸಿಕೊಂಡಿರುತ್ತಿದ್ದಿತು. ಈಗ ಬೆಂಗಳೂರು ಪುಣೆಗಳಲ್ಲಿ ನೌಕರಿ ಮಾಡುವ ಮಕ್ಕಳು ಪೂಡಲ್ ಬೆರಕೆಯ ಮರಿಗಳನ್ನು ಅಕ್ಕರೆಯಿಂದ ಕೊಂಡು ಸಾಕಿ, ಕೆಲಸದ ಊರು ಬದಲಾದಾಗ ತಂದೆತಾಯಿಗಳ ಬಳಿ ಬಿಟ್ಟುಹೋಗುತ್ತಾರೆ. ಗುಂಗುರು ಕೂದಲಿನ ಆ ಪ್ರಾಣಿಗೆ ಕಣವೂ ಗೊತ್ತಿಲ್ಲ, ಹಟ್ಟಿಯೂ ಗೊತ್ತಿಲ್ಲ, ಮನುಷ್ಯರ ಕಾಲಬುಡವೊಂದೇ ಗೊತ್ತು. ಇಂಡಿಯ ಅಂತಹ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಆಯಿಯೊಬ್ಬರು ನನ್ನನ್ನು ಕೇಳಿದರು: “ತಮ್ಮಾ, ನಾ ಪೂಜಿಗಿ ಕುಂತಾಗ ಇದು ಬಾಜೂಕ ಬಂದು ಕುಂದ್ರತೈತಿ. ಹೊರಗ ಹಾಕಿದ್ರ ಅಳತೈತಿ. ಇದರಿಂದ ಮೈಲಿಗಿ ಆಗತೈತೇನು?” ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಳವಳವಿದ್ದಿತು, ಅದಕ್ಕೆ ನಿಜವಾದ ಉತ್ತರವೇ ಸಲ್ಲತಕ್ಕುದು.

ಮೈಲಿಗೆಯ ಮಟ್ಟಿಗೆ ಈ ಸೀಮೆಯ ಭಕ್ತಿಪರಂಪರೆ ಎಂದೋ ತೀರ್ಪು ಕೊಟ್ಟಿದೆ. ಸಿಂದಗಿಯ ಕಡೆಯ ಗೊಲಗೇರಿಯಲ್ಲಿ ಕುರಿ ಕಾಯುವ ಗೊಲ್ಲಾಳನು ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿ ಶಿವನನ್ನು ಒಲಿಸಿಕೊಂಡನೆಂದು ಜನ ಇಂದಿಗೂ ಹೇಳುತ್ತಾರೆ. ಹಾವಿನಹಾಳ ಕಲ್ಲಯ್ಯನೆಂಬ ಶರಣನು ನಾಯಿಯ ಬಾಯಿಂದ ವೇದವನ್ನು ಓದಿಸಿದನೆಂಬ ಕಥೆಯುಂಟು. ಭೀಮಾನದಿಯ ದಂಡೆಯ ಗಾಣಗಾಪುರಕ್ಕೆ ಹೋದವರು ಕಾಣುವ ದತ್ತಾತ್ರೇಯನ ಚಿತ್ರಪಟಗಳಲ್ಲಿ ನಾಲ್ಕು ನಾಯಿಗಳು ದೇವರ ಪಾದದ ಬಳಿಯೇ ನಿಂತಿರುತ್ತವೆ, ಅವು ನಾಲ್ಕು ವೇದಗಳೆಂದು ಭಕ್ತರು ಅರ್ಥ ಹೇಳುತ್ತಾರೆ. ಮೈಲಾರಲಿಂಗನ ವಗ್ಗಯ್ಯಗಳಂತೂ ತಾವೇ ದೇವರ ನಾಯಿಗಳೆಂದು ಬೊಗಳಿ, ದೋಣಿಯಲ್ಲಿಟ್ಟ ನೈವೇದ್ಯವನ್ನು ನೆಲಕ್ಕೆ ಬಾಗಿ ಬಾಯಿಂದಲೇ ಉಣ್ಣುತ್ತಾರೆ. ವಚನಗಳಲ್ಲಿ ನಾಯಿಯು ಬಹುಮಟ್ಟಿಗೆ ಆಸೆಗೂ ಚಪಲತೆಗೂ ಉಪಮಾನವಾಗಿ ಬರುವುದು ನಿಜ. ಆದರೆ ಅಲ್ಲಿ ನಿಂದೆಗೆ ಗುರಿಯಾಗಿರುವುದು ಮನುಷ್ಯನ ಮನಸ್ಸು. ಹಿಕ್ಕೆಯು ಲಿಂಗವಾಗಬಲ್ಲ ನಾಡಿನಲ್ಲಿ ನಾಯಿಯ ಪಾದಸ್ಪರ್ಶದಿಂದ ಪೂಜೆ ಕೆಡುವುದೆಂದು ನಾನು ನಂಬಲಾರೆ.

ಇದಕ್ಕಿಂತ ಗಹನವಾದ ಪ್ರಶ್ನೆ ಬೇರೊಂದುಂಟು. ಈ ಪ್ರಾಣಿಗೆ ನಾವು ಮಾಡುವ ಉಪಚಾರವು ಯಾವ ಬಗೆಯದು? ದಯೆಯೆ, ದಾನವೆ, ಪುಣ್ಯಸಂಪಾದನೆಯೆ?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಶಾಸನವು ಈ ವಿಚಾರದಲ್ಲಿ ನನ್ನನ್ನು ಬಹುಕಾಲ ಚಿಂತೆಗೆ ಹಚ್ಚಿದೆ. ತಕ್ಕೋಲದ ಯುದ್ಧದ ತರುವಾಯ ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಬೇಡಿದುದನ್ನು ಕೊಡುವೆನೆನ್ನಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಗಿ ಎರಡೂ ಹೋರಾಡಿ ಒಟ್ಟಿಗೇ ಮಡಿದವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯು ಗೈದ ಪಾಪವು ತಟ್ಟಲಿ ಎಂದು ಶಾಸನವು ವಿಧಿಸುತ್ತದೆ. ನಾಯಿಯು ಗೈದ ಪಾಪವೆಂದರೆ ಯಾವುದು? ಹಂದಿಯ ಮೇಲೆ ಕಾಳಿಗೆ ಸ್ವಂತದ ಹಗೆಯಿರಲಿಲ್ಲ. ಒಡೆಯನು ಬಿಟ್ಟನು, ಅದು ಹೋಯಿತು, ಕೊಂದಿತು, ಸತ್ತಿತು. ಪಾಪವೆಂಬುದು ಅಲ್ಲಿ ಇದ್ದುದೇ ಆದರೆ ಅದು ಬಿಟ್ಟವನ ಇಚ್ಛೆಯಿಂದ ಹುಟ್ಟಿದುದು. ಅದು ಕಡೆಗೆ ಒಬ್ಬ ಮನುಷ್ಯನ ತಲೆಯ ಮೇಲೆಯೇ ಬಂದು ಕೂಡಬೇಕೆಂದು ಕಲ್ಲಿನ ಮೇಲೆ ಬರೆಯಿಸಿದವರಿಗೆ, ಅರಿತೋ ಅರಿಯದೆಯೋ, ಸತ್ಯವು ಹೊಳೆದಿದ್ದಿತೆಂದು ನನಗೆ ತೋರುತ್ತದೆ.

ಪೂಡಲ್ ಬೆರಕೆಯ ನಾಯಿಯಲ್ಲಿ ಮನುಷ್ಯನ ಇಚ್ಛೆಯು ಅದರ ಶರೀರವನ್ನೇ ಹೊಕ್ಕಿದೆ. ಪೂಡಲ್ ಮೂಲತಃ ನೀರಿಗಿಳಿದು ಬೇಟೆಯ ಹಕ್ಕಿಯನ್ನು ಎತ್ತಿ ತರುತ್ತಿದ್ದ ಯೂರೋಪಿನ ನಾಯಿ. ಅದರ ಕೂದಲು ಹೆಚ್ಚು ಉದುರದೆ ಬೆಳೆಯುತ್ತಲೇ ಹೋಗುತ್ತದೆ. 1989ರಲ್ಲಿ ಆಸ್ಟ್ರೇಲಿಯದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯೊಂದರಲ್ಲಿದ್ದ ವಾಲಿ ಕಾನ್ರನ್ ಎಂಬವರು, ಹವಾಯಿಯ ಅಂಧ ಮಹಿಳೆಯೊಬ್ಬರ ಪತಿಗೆ ನಾಯಿಯ ಕೂದಲು ಒಗ್ಗದೆಂಬ ಕಾರಣದಿಂದ, ಲ್ಯಾಬ್ರಡಾರಿಗೂ ಪೂಡಲಿಗೂ ಸಂಕರ ಮಾಡಿಸಿ ಲ್ಯಾಬ್ರಡೂಡಲ್ ಎಂಬ ಹೆಸರಿಟ್ಟರು. ಕರುಣೆಯಿಂದ ಹುಟ್ಟಿದ ಆ ಯತ್ನವು ವ್ಯಾಪಾರದ ಕೈಗೆ ಬಿದ್ದು ಲೋಕವನ್ನೆಲ್ಲ ತುಂಬಿದುದನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ವಿಷಾದಪಟ್ಟರು. ನಮ್ಮ ಆಸೆಗೆ ತಕ್ಕಂತೆ ರೂಪುಗೊಂಡ ಮೈಗೂದಲನ್ನು ಈ ನಾಯಿ ತಾನಾಗಿ ಕಳಚಲಾರದು, ನೆಕ್ಕಿ ಬಿಡಿಸಿಕೊಳ್ಳಲಾರದು. ಮನುಷ್ಯನ ಕೈ ತಪ್ಪಿದರೆ ಆ ಕೂದಲೇ ಅದಕ್ಕೆ ಬಂಧನವಾಗುತ್ತದೆ.

ಆ ಆಯಿಯ ಮನೆಯಲ್ಲಿ ಒಂದು ಬೇಸಗೆ ಹಾಗೆಯೇ ಆಯಿತು. ಕಿವಿಯ ಹಿಂದೆಯೂ ಮುಂಗಾಲಿನ ಸಂದಿಯಲ್ಲಿಯೂ ಕೂದಲು ಸಿಕ್ಕುಗಟ್ಟಿ ಕಂಬಳಿಯಂತೆ ಬಿಗಿದುಕೊಂಡಿದ್ದಿತು. ನೆರೆಮನೆಯಾಕೆ ಅದನ್ನು ಮುಟ್ಟಿ ನೋಡಿ, “ಜಡಿ ಬಿಟ್ಟೈತ್ರಿ, ಎಲ್ಲಮ್ಮಂದು ಇದ್ದರೂ ಇರಬಹುದು, ಕತ್ತರಿ ಹಚ್ಚಬ್ಯಾಡ್ರಿ” ಎಂದಳು. ಆಕೆಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಜಡೆಯಲ್ಲಿ ದೇವಿಯನ್ನು ಕಂಡ ತಲೆಮಾರುಗಳು ಅದರ ಹಿಂದಿವೆ. ಆದರೆ ದನದ ದವಾಖಾನೆಯಲ್ಲಿ ಆ ಗಂಟನ್ನು ಕತ್ತರಿಸಿ ತೆಗೆದಾಗ, ಅಡಿಯಲ್ಲಿ ಚರ್ಮವು ಕೆಂಪಾಗಿ ಒದ್ದೆಯಾಗಿ, ರಕ್ತ ಕುಡಿದು ಉಬ್ಬಿದ ಉಣ್ಣಿಗಳು ಸಾಲಾಗಿ ಕಚ್ಚಿಕೊಂಡಿದ್ದವು. ಆಯಿ ಬಹಳ ಹೊತ್ತು ನೋಡಿದರು. ಮರುದಿನದಿಂದ ಅವರು ಮುಂಜಾನೆ ಹಣಿಗೆ ಹಿಡಿದು ಕುಳಿತು, ಕೂದಲನ್ನು ಎಳೆಎಳೆಯಾಗಿ ವಿಂಗಡಿಸಿ ಬುಡದಿಂದ ತುದಿಯವರೆಗೆ ಬಿಡಿಸತೊಡಗಿದರು. ಕಿವಿಯನ್ನು ಎತ್ತಿ ಒಳಗಿನ ತೇವವನ್ನು ಒರೆಸಿದರು. ಬೆರಳುಸಂದಿಗಳಲ್ಲಿ ಉಣ್ಣಿಯನ್ನು ಹುಡುಕಿದರು. ಇದಾದ ಮೇಲೆಯೇ ಅವರ ಸ್ನಾನ, ಆಮೇಲೆ ಲಿಂಗಪೂಜೆ.

ಪೂಜೆಗಿಂತ ಹಣಿಗೆ ಮೊದಲಾಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ನಮ್ಮ ಜಿಲ್ಲೆಯದೇ ಆದ ಶಿವಣಗಿಯ ಶರಣ ನುಲಿಯ ಚಂದಯ್ಯನನ್ನು ನೆನೆಯಬೇಕು. ಹುಲ್ಲು ಕೊಯ್ಯುತ್ತಿರುವಾಗ ಕೊರಳ ಲಿಂಗವು ಜಾರಿ ನೀರಿಗೆ ಬೀಳಲು, ಅವನು ಕೊಯ್ಯುವುದನ್ನು ನಿಲ್ಲಿಸಲಿಲ್ಲವೆಂದು ಶರಣರ ಚರಿತೆ ಹೇಳುತ್ತದೆ. ಲಿಂಗವೇ ಅವನ ಕಾಯಕಕ್ಕೆ ಕಾದು ನಿಂತಿತು. ನಾಯಿಯ ಉಪಚಾರವನ್ನು ನಾನು ಈ ಕಾಯಕದ ಪಂಕ್ತಿಯಲ್ಲಿಯೇ ಇರಿಸುತ್ತೇನೆ. ನಾವು ಕೊಂಡುಕೊಂಡ ಋಣವನ್ನು ದಿನದಿನವೂ ತೀರಿಸುವ ದುಡಿಮೆಯಲ್ಲಿ ಪುಣ್ಯದ ಲೆಕ್ಕಕ್ಕೆ ಎಡೆಯಿಲ್ಲ.

ಈ ಕಾಯಕಕ್ಕೆ ಪ್ರೀತಿಯೊಂದೇ ಸಾಲದು, ಅರಿವೂ ಬೇಕು. ದ್ರಾಕ್ಷಿಯ ಜಿಲ್ಲೆಯಾದ ನಮ್ಮಲ್ಲಿ ಹಬ್ಬದ ದಿನ ಸಜ್ಜಕದೊಳಗಿನ ಒಣದ್ರಾಕ್ಷಿಯನ್ನು ಆರಿಸಿ ನಾಯಿಗೆ ಹಾಕುವ ಕೈ ಪ್ರೀತಿಯ ಕೈಯೇ. ಆದರೆ ದ್ರಾಕ್ಷಿಯು, ಹಸಿಯಿರಲಿ ಒಣಗಿರಲಿ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲಬಲ್ಲುದು. ಉಳ್ಳಾಗಡ್ಡಿ ಅದರ ರಕ್ತಕಣಗಳನ್ನು ಒಡೆಯುತ್ತದೆ. ಉಷ್ಣತೆ 40 ಡಿಗ್ರಿ ದಾಟುವ ಚೈತ್ರ ವೈಶಾಖಗಳಲ್ಲಿ, ನಮ್ಮಂತೆ ಮೈಯೆಲ್ಲ ಬೆವರಲಾರದೆ ಏದುಸಿರಿನಿಂದಲೇ ಬಿಸಿಯನ್ನು ಹೊರಹಾಕುವ ಅದನ್ನು ಮಧ್ಯಾಹ್ನ ಅಂಗಳಕ್ಕೆ ಬಿಡಕೂಡದು. ಸೆಕೆಯೆಂದು ಚರ್ಮ ಕಾಣುವಂತೆ ಬೋಳಿಸಲೂ ಕೂಡದು, ಬಿಸಿಲು ಚರ್ಮವನ್ನು ಸುಡುತ್ತದೆ.

ಇನ್ನು ಆಯಿಯ ಪ್ರಶ್ನೆಗೆ ಮರಳೋಣ. ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಭಾರತವನ್ನು ನಿಲ್ಲಿಸಿದುದರಿಂದ, ಗದುಗಿನ ಭಾರತವನ್ನು ಕೇಳಿ ಬೆಳೆದವರಿಗೆ ಮಹಾಪ್ರಸ್ಥಾನದ ನಾಯಿಯ ಪ್ರಸಂಗ ಅವನ ಬಾಯಿಂದ ದೊರೆಯಲಿಲ್ಲ. ಇದು ನನಗೆ ಯಾವಾಗಲೂ ಕೊರತೆಯಾಗಿ ಕಂಡಿದೆ. ಇಂದ್ರನ ರಥವು ಮುಂದೆ ನಿಂತಿರಲು, ಆಶ್ರಯಿಸಿ ಬಂದ ನಾಯಿಯನ್ನು ಬಿಟ್ಟು ಏರುವುದಿಲ್ಲವೆಂದು ಧರ್ಮರಾಯನು ನುಡಿದಾಗ, ಆ ನಾಯಿಯು ಯಮಧರ್ಮನೆಂಬುದು ಅವನಿಗೆ ತಿಳಿದಿರಲಿಲ್ಲ. ನಾಯಿ ನಾಯಿಯಾಗಿದ್ದಾಗಲೇ ಅವನು ನಿರ್ಧರಿಸಿದನು. ಪೂಜೆಯ ಬದಿಗೆ ಬಂದು ಕೂಡುವ ಪ್ರಾಣಿಯಲ್ಲಿ ದೇವರನ್ನು ಕಾಣಬೇಕೆಂದು ಆದುದರಿಂದಲೇ ನಾನು ಆ ಆಯಿಗೆ ಹೇಳಲಿಲ್ಲ; ಅದು ನಿಮ್ಮನ್ನು ನಂಬಿ ಬಂದಿದೆ, ಮೈಲಿಗೆಯಿಲ್ಲ, ಕೂಡಲಿ ಎಂದೆ.

ಇಂತಹ ಮರಿಯನ್ನು ಊರಿಗೆ ತರಬಯಸುವ ಯುವಕ ಯುವತಿಯರಲ್ಲಿ ನನ್ನ ಬಿನ್ನಹವಿಷ್ಟೆ: ತರುವುದಾದರೆ ಹಣಿಗೆಯನ್ನೂ ಕತ್ತರಿಯನ್ನೂ ಜೊತೆಗೆ ತನ್ನಿ, ತಂದೆತಾಯಿಗಳ ಪಕ್ಕದಲ್ಲಿ ಕುಳಿತು ಅವುಗಳ ಬಳಕೆಯನ್ನು ಕಲಿಸಿರಿ, ತಿಂಗಳಿಗೊಮ್ಮೆಯಾದರೂ ಕೂದಲು ಕತ್ತರಿಸುವ ಏರ್ಪಾಡನ್ನೂ ಲಸಿಕೆಯ ವೆಚ್ಚವನ್ನೂ ನೀವೇ ಹೊರಿರಿ. ಅಷ್ಟು ಸಾಧ್ಯವಿಲ್ಲದಿದ್ದರೆ ಅದನ್ನು ತರಬೇಡಿ. ಓಣಿಯಲ್ಲಿ ಹುಟ್ಟಿದ ಮರಿಯೊಂದಕ್ಕೆ ರೇಬೀಸ್ ಲಸಿಕೆ ಹಾಕಿಸಿ ಸಾಕಿಕೊಳ್ಳಿ; ಅದರ ಗಿಡ್ಡ ಕೂದಲು ಈ ಬಿಸಿಲಿಗೆ ತಕ್ಕುದಾಗಿಯೇ ಇದೆ.